ಟೀಚರ್‌ಗೆ ಒಬ್ಬಳು ಅಕ್ಕನ ಮಗಳು

ಹೊಲಿಗೆ ಟೀಚರ್ ತೀರಿಕೊಂಡರು ಎಂದು ಅವರ ತಮ್ಮನ ಮಗ ಫೋನು ಮಾಡಿದಾಗ ನನಗೆ ಅಳುವಿಗಿಂತ ಮೊದಲು ನಗು ಬಂತು. ಪಾಪಿ ನಾನು, ಒಪ್ಪಿಕೊಳ್ಳುತ್ತೇನೆ. ಕಣ್ಣಮುಂದೆ ಬಂದ ಚಿತ್ರವೇ ಹಾಗಿತ್ತು. ಟೀಚರ್ ಮೇಲೆ ಹೋಗಿದ್ದಾರೆ, ಹೋದವರೇ ಅಲ್ಲಿಯ ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡಿ, "ಇದು ಗಟ್ಟಿ ಇಲ್ಲ, ಯಾರಾದ್ರೂ ತಳ್ಳಿದ್ರೆ ತೆಕ್ಕೊಂಡುಬಿಡುತ್ತೆ" ಎಂದು ತಕರಾರು ತೆಗೆದಿದ್ದಾರೆ. ಇನ್ನು ಯಮಧರ್ಮನಿಗೂ ನೆಮ್ಮದಿಯ ನಿದ್ದೆ ಇಲ್ಲ ಅಂದುಕೊಂಡೆ. ಆಮೇಲೆ ಅಡಿಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಆಶ್ರಮದಲ್ಲಿ ಕೆಲಸಕ್ಕಿದ್ದೆವು. ನಾನು ಆಫೀಸಿನಲ್ಲಿ ಟೈಪಿಸ್ಟು, ಅವರು ಹೊಲಿಗೆ ಕಲಿಸುವವರು. ತಂದೆತಾಯಿ ಇಲ್ಲದ, ಇದ್ದೂ ಇಲ್ಲದಂತಿದ್ದ ಅರವತ್ತು ಹುಡುಗಿಯರು ಅಲ್ಲಿ ಬೆಳೆಯುತ್ತಿದ್ದರು. ಹದಿನೆಂಟು ತುಂಬಿದರೆ ಅಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಒಂದು ಟ್ರಂಕು, ಎರಡು ಸೀರೆ, ಒಂದು ಹೊಲಿಗೆ ಸರ್ಟಿಫಿಕೇಟು ಕೊಟ್ಟು ಕಳಿಸುತ್ತಿದ್ದರು. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ 'ಬಿಡುಗಡೆ' ಎಂದು ಬರೆಯುವುದು ನನ್ನ ಕೆಲಸ.

ಟೀಚರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಉರಿದುಬೀಳುತ್ತಿದ್ದರು. "ಬಿಡುಗಡೆ ಅಂತೆ! ಜೈಲಲ್ಲಿದ್ರಾ ಅವ್ರು? ಎಲ್ಲಿಗೆ ಹೋದ್ಲು ಅಂತ ಬರೆಯೋಕೆ ಒಂದು ಕಾಲಂ ಇದೆಯಾ ನೋಡು ಅದ್ರಲ್ಲಿ."

ಇರಲಿಲ್ಲ. "ನನ್ನನ್ಯಾಕೆ ಕೇಳ್ತೀರಿ ಟೀಚರ್, ರಿಜಿಸ್ಟರು ನಾನು ಮಾಡಿಸಿದ್ದಾ?" ಎಂದು ನಾನೂ ರೇಗುತ್ತಿದ್ದೆ.

ಟೀಚರ್ ಗಿಡ್ಡ ಆಳು, ಕಡ್ಡಿಯಂಥ ಮೈ. ಕೊರಳಲ್ಲಿ ಸದಾ ಅಳತೆಯ ಟೇಪು. ಬಸ್ಸಿನಲ್ಲೂ ಅದನ್ನು ತೆಗೆಯಲು ಮರೆಯುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದು ಗಡಿಯಾರ, ಬೇರೆ ಒಡವೆ ಇಲ್ಲ. ಮದುವೆಯಾಗಿ ಆರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಯ ಒಂದು ಕೋಣೆಯಲ್ಲಿ ಇದ್ದರು. ನಡಿಗೆ ಮಾತ್ರ ಬಸ್ಸು ತಪ್ಪಿಹೋಗುತ್ತಿದೆ ಎನ್ನುವವರದು. ಬಚ್ಚಲಿಗೆ ಹೋಗುವಾಗಲೂ ಅದೇ ಓಟ.

ಹೊಲಿಗೆ ಅವರಿಂದ ಎಷ್ಟು ಜನ ಕಲಿತರೋ ಗೊತ್ತಿಲ್ಲ. ಹದಿನೇಳು ದಾಟಿದ ಹುಡುಗಿಯರಿಗೆ ಅವರು ಕಲಿಸುತ್ತಿದ್ದದ್ದು ಬೇರೆ. ಮೊದಲನೆಯದು ಬೀಗ. ನಗಬೇಡಿ. ಆ ಹುಡುಗಿಯರ ಕೈಗೆ ಹುಟ್ಟಿದಾಗಿನಿಂದ ಒಂದು ಬೀಗದ ಕೈ ಸಿಕ್ಕಿರಲಿಲ್ಲ. ಬಾಗಿಲು ಹಾಕುವವರು, ತೆಗೆಯುವವರು ಯಾವಾಗಲೂ ಬೇರೆಯವರು. ಹೊಲಿಗೆ ಕೋಣೆಯ ಬೀಗವನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಹಾಕಿಸಿ, ಜಗ್ಗಿಸಿ, ತೆಗೆಸಿ, ಮತ್ತೆ ಹಾಕಿಸುವರು. ಎರಡನೆಯದು ಗಂಟೆ. ಆಶ್ರಮದಲ್ಲಿ ಊಟಕ್ಕೆ ಗಂಟೆ, ನಿದ್ದೆಗೆ ಗಂಟೆ, ಏಳುವುದಕ್ಕೆ ಗಂಟೆ. ಹೊರಗೆ ಹೋದ ಒಬ್ಬ ಹುಡುಗಿ ಮೊದಲ ದಿನ ಅನ್ನ ಮಾಡಿಟ್ಟುಕೊಂಡು, ಯಾರೂ ಕರೆಯಲಿಲ್ಲ ಎಂದು ಸಂಜೆಯವರೆಗೆ ಉಪವಾಸ ಕೂತಿದ್ದಳಂತೆ. ಅದನ್ನು ಕೇಳಿದ ಮೇಲೆ ಟೀಚರ್, "ಹಸಿವಾದ್ರೆ ಊಟ ಮಾಡ್ಬೇಕು ಕಣ್ರೇ. ಹೊಟ್ಟೇನೇ ಗಂಟೆ" ಎಂದು ದಿನಕ್ಕೆ ನಾಲ್ಕು ಸಲ ಹೇಳುವರು.

ಮೂರನೆಯದು ಒಬ್ಬರಿಗೆ ಅಡಿಗೆ. ಅರವತ್ತು ಜನಕ್ಕೆ ಬೇಯಿಸಿ ಗೊತ್ತೇ ಹೊರತು ಒಬ್ಬರಿಗೆ ಮಾಡುವುದು ಅವರಲ್ಲಿ ಯಾರಿಗೂ ಬರದು. ಮಂಜುಳ ಎನ್ನುವ ಹುಡುಗಿ ಒಂದು ಲೋಟ ಸಾರಿಗೆ ಒಂದು ಹಿಡಿ ಉಪ್ಪು ಸುರಿದು ನನಗೇ ಬಡಿಸಿದ್ದಳು. ಗಾಂಧಿ ಬಜಾರಿಗೆ ಅವಳನ್ನು ಒಬ್ಬಳೇ ಕಾಲು ಕೆ.ಜಿ. ಬೇಳೆ ತರಲು ಕಳಿಸಿ, ಟೀಚರ್ ಹಿಂದಿನಿಂದ ಕೊಡೆ ಅಡ್ಡ ಹಿಡಿದುಕೊಂಡು ಕಳ್ಳನ ಹಾಗೆ ಹಿಂಬಾಲಿಸಿದರು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಬಜಾರಿಗೆ ಬಜಾರೇ ನೋಡಿ ನಕ್ಕಿತು. ಮಂಜುಳ ಬೇಳೆ ಕೊಂಡು, ತಿರುಗಿ ಬಂದು, "ಟೀಚರ್, ಕೊಡೆ ಮಡಚಿ, ಮನೆಗೆ ಹೋಗೋಣ" ಅಂದಳು.

ಈಗ ಅವಳದೇ ಕತೆ ಹೇಳಬೇಕು. ಟೀಚರ್ ಯಾರು ಎಂದು ನನಗೆ ಗೊತ್ತಾದದ್ದು ಅವಳಿಂದ, ಅದೂ ನಾನು ಮಾಡಿದ ಒಂದು ತಪ್ಪಿನಿಂದ.

ಮಂಜುಳನಿಗೆ ಹದಿನೆಂಟಾಗುವ ಹೊತ್ತಿಗೆ ದಾವಣಗೆರೆ ಕಡೆಯಿಂದ ಒಂದು ಸಂಬಂಧ ಬಂತು. ಗಂಡಿಗೆ ನಲವತ್ತೆರಡು, ಎರಡನೇ ಮದುವೆ, ಮನೆಯಲ್ಲಿ ಮೂರು ಮಕ್ಕಳು. ಆಶ್ರಮದ ಹುಡುಗಿಯರನ್ನು ನೋಡಲು ಇಂಥವರೇ ಬರುತ್ತಿದ್ದರು, ಸಂತೆಗೆ ಬಂದವರ ಹಾಗೆ. ನಮ್ಮ ಸೂಪರಿಂಟೆಂಡೆಂಟ್ ಮೇಡಂ ಕೆಟ್ಟವರಲ್ಲ, ಆದರೆ ಹುಡುಗಿಗೊಂದು ದಾರಿಯಾದರೆ ಸಾಕು ಎನ್ನುವವರು. ಮಂಜುಳ ಮಾತ್ರ ಹೊಲಿಗೆ ಕೋಣೆಯಲ್ಲಿ ಟೀಚರ ಮುಂದೆ ನಿಂತು, "ನಂಗೆ ಬೇಡ ಟೀಚರ್. ನಾನು ದುಡ್ಕೊಂಡು ತಿಂತೀನಿ" ಎಂದಿದ್ದಳು. ಟೀಚರ್ ಹೋಗಿ ಮೇಡಂ ಹತ್ತಿರ ಜಗಳವಾಡಿದರು. ಕೊನೆಗೆ ಮೇಡಂ ಹೇಳಿದ್ದು ಇಷ್ಟು: "ಅವಳು ಹೊರಗಡೆ ಒಬ್ಬಳೇ ಇದ್ದು ತೋರಿಸಲಿ. ಆಗಲಿಲ್ಲ ಅಂದ್ರೆ ಈ ಗಂಡಿಗೆ ಹೂಂ ಅಂತೀನಿ. ಅವರು ಗೌರಿ ಹಬ್ಬದವರೆಗೆ ಕಾಯ್ತಾರಂತೆ."

ಶಿವಮೊಗ್ಗದಲ್ಲೇ ಒಂದು ರೂಮು ಸಿಕ್ಕಿತು. ಟ್ರಂಕು ಇಳಿಸಲು ನಾನೂ ಹೋಗಿದ್ದೆ. ಆ ಮನೆಯಾಕೆ ಕಾಫಿ ಕೊಟ್ಟು, "ಹುಡುಗಿ ಹೇಗೆ?" ಎಂದು ಕೇಳಿದರು. ನಾನು, ನನ್ನ ಬಾಯಿಗೆ ಬೆಂಕಿ ಬೀಳ, ಹೆಮ್ಮೆಯಿಂದ ಹೇಳಿದೆ: "ಚಿನ್ನದಂಥ ಹುಡುಗಿ ಅಮ್ಮ. ನಮ್ಮ ಆಶ್ರಮದಲ್ಲೇ ಬೆಳೆದವಳು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಐದನೆಯ ದಿನ ಟ್ರಂಕು ಬೀದಿಯಲ್ಲಿತ್ತು. "ನಮ್ಮನೇಲೂ ಬೆಳೆದ ಹೆಣ್ಮಕ್ಕಳಿದಾರೆ, ಹುಟ್ಟು ಗೊತ್ತಿಲ್ಲದವರನ್ನ ಇಟ್ಕೊಳ್ಳೋಕಾಗಲ್ಲ" ಎಂದರಂತೆ.

ಮಂಜುಳ ಟ್ರಂಕು ಹೊತ್ತು ಆಶ್ರಮದ ಗೇಟಿಗೆ ಬಂದಳು. ರಿಜಿಸ್ಟರಿನಲ್ಲಿ ಬಿಡುಗಡೆ ಎಂದಾಗಿದೆ, ಒಳಗೆ ಬಿಡುವ ಹಾಗಿಲ್ಲ ಎಂದು ವಾಚ್‌ಮನ್ ಅಡ್ಡ ನಿಂತ. ನನ್ನ ಕೈಬರಹವೇ ಅವಳನ್ನು ಹೊರಗೆ ನಿಲ್ಲಿಸಿತ್ತು. ಕಿಟಕಿಯಿಂದ ನೋಡಿದೆ, ಟ್ರಂಕಿನ ಮೇಲೆ ಕೂತು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ ಹೊರಗೆ ಹೋಗಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಟೀಚರ್ ಹೋದರು. ಅವಳನ್ನು ತಮ್ಮನ ಮನೆಗೆ ಕರೆದುಕೊಂಡು ಹೋಗಿ ಹದಿನೈದು ದಿನ ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು. ನಾದಿನಿ ಪಾತ್ರೆ ಕುಕ್ಕಲು ಶುರು ಮಾಡಿದ ಮೇಲೆ ಅಲ್ಲಿಯೂ ಇಡುವ ಹಾಗಿರಲಿಲ್ಲ.

ನನ್ನನ್ನು ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಭಾನುವಾರ ನನ್ಜೊತೆ ಭದ್ರಾವತಿಗೆ ಬಾ. ಬಾಯಿ ಮಾತ್ರ ಮನೇಲಿಟ್ಟು ಬಾ ಮಾರಾಯ್ತಿ" ಎಂದರು, ಅಷ್ಟೇ.

ಭದ್ರಾವತಿಯ ನ್ಯೂ ಟೌನ್ ಅಂಚಿನಲ್ಲಿ, ಕಾರ್ಖಾನೆಯಿಂದ ರಿಟೈರ್ ಆದವರೊಬ್ಬರ ಮನೆಯ ಮಹಡಿಯಲ್ಲಿ ಶೀಟು ಹೊದಿಸಿದ ಒಂದು ರೂಮು. ಹತ್ತಿರದಲ್ಲೇ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ ಕೆಲಸ. ಓನರಮ್ಮ ಮನೆಯೊಳಗೆ ತಮಿಳು, ಹೊರಗೆ ಕನ್ನಡ ಆಡುವವರು. ದಪ್ಪ ದನಿ, ದೊಡ್ಡ ಕುಂಕುಮ, ಎದುರಿಗೆ ನಿಂತರೆ ನಮ್ಮ ತಪ್ಪೆಲ್ಲ ತಾನಾಗಿ ನೆನಪಾಗುವಂಥ ನೋಟ. "ಹುಡುಗಿ ನಿಮಗೇನಾಗಬೇಕು?" ಎಂದು ಕೇಳಿದರು.

"ನಮ್ಮಕ್ಕನ ಮಗಳು" ಎಂದರು ಟೀಚರ್. ಒಂದು ರೆಪ್ಪೆ ಅಲುಗಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಯಾವುದೋ ಊರಿನ ಬಸ್ಸು ಹತ್ತಲು ಹೋದವರನ್ನು ನಾನೇ ಹಿಡಿದು ಎಳೆದುಕೊಳ್ಳಬೇಕಾಯಿತು. ಅವರಿಗೆ ಅಕ್ಕನೇ ಇರಲಿಲ್ಲ.

ಆ ಇಲ್ಲದ ಅಕ್ಕನಿಗೆ ಒಂದು ಊರು, ಒಬ್ಬ ಗಂಡ, ಗಂಡನಿಗೊಂದು ಕಾಯಿಲೆ, ಎಲ್ಲವನ್ನೂ ಟೀಚರ್ ಹೊಲಿದು ತಯಾರು ಮಾಡಿದರು. ಮಂಜುಳನಿಗೆ ಅದನ್ನು ಗಿಣಿಗೆ ಕಲಿಸಿದ ಹಾಗೆ ಕಲಿಸಿದರು.

"ನಾನು ನಿಂಗೇನಾಗ್ಬೇಕು?"

"ಟೀಚರ್, ಟೀಚರ್."

"ಚಿಕ್ಕಮ್ಮ ಅನ್ನೇ ಹುಡುಗಿ!"

"ಹೂಂ ಟೀಚರ್, ಚಿಕ್ಕಮ್ಮ."

ನಾನು ನಕ್ಕೆ. ಟೀಚರ್ ನಗಲಿಲ್ಲ. "ನಿಂಗೆ ನಗು. ಈ ರೂಮೂ ಹೋದ್ರೆ ದಾವಣಗೆರೆಯೋನು ತಾಳಿ ಹಿಡ್ಕೊಂಡು ಕೂತಿದಾನೆ" ಎಂದರು. ನನ್ನ ನಗು ಅಲ್ಲೇ ಒಣಗಿತು.

ಆಮೇಲಿನ ಮೂರು ತಿಂಗಳು ಪ್ರತಿ ಭಾನುವಾರ ನಾವಿಬ್ಬರೂ ಮಲವಗೊಪ್ಪ ಹಾದು ಹೋಗುವ ಬಸ್ಸು ಹತ್ತಿ ನ್ಯೂ ಟೌನಿಗೆ ಹೋಗುತ್ತಿದ್ದೆವು. ಹೋಗಿ ಬಾಗಿಲು ತಟ್ಟುತ್ತಿರಲಿಲ್ಲ! ಅದು ಟೀಚರ ಕಟ್ಟುನಿಟ್ಟು. "ಆಶ್ರಮದಲ್ಲಿ ಯಾವನು ಬೇಕಾದ್ರೂ ಬಂದು ಇವರನ್ನ ನೋಡ್ಕೊಂಡು ಹೋಗ್ತಿದ್ದ. ಈಗ ಅವಳಿಗೊಂದು ಮನೆ ಆಗಿದೆ. ಅವಳು ಕರೆದ್ರೆ ಹೋಗೋದು, ಇಲ್ಲಾಂದ್ರೆ ಇಲ್ಲ" ಎನ್ನುವರು. ಹಾಗಾದರೆ ಬರುವುದೇಕೆ? ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಮಹಡಿಯ ತಂತಿಯನ್ನು ನೋಡುವುದಕ್ಕೆ.

"ಟವೆಲ್ ಒಣಗ್ಸಿದಾಳೆ. ಸ್ನಾನ ಆಗಿದೆ."

"ಆಗಿದೆ ಟೀಚರ್."

"ಹೋದ್ವಾರದ ಹಸಿರು ರವಿಕೆ ಕಾಣ್ತಿಲ್ವಲ್ಲೇ?"

"ಹಾಕ್ಕೊಂಡಿರ್ತಾಳೆ. ಸುಮ್ನಿರಿ."

"ಜ್ವರಗಿರ ಬಂದು ಮಲಗಿದ್ರೆ?"

"ಜ್ವರ ಬಂದೋಳು ಟವೆಲ್ ಒಗೀತಾಳಾ?"

ಟೀ ಅಂಗಡಿಯವನು ನಮ್ಮನ್ನು ಯಾವುದೋ ಸರ್ವೆ ಇಲಾಖೆಯವರು ಎಂದುಕೊಂಡಿದ್ದ. ನನಗಂತೂ ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನಿಸುತ್ತಿತ್ತು. ಆದರೆ ಮಹಡಿಯ ಬಾಗಿಲು ತೆರೆದು ಮಂಜುಳ ಬಕೆಟ್ಟು ಹಿಡಿದು ಹೊರಗೆ ಬಂದಾಗ, ಟೀಚರ ಜೊತೆ ನಾನೂ ಉಸಿರು ಬಿಡುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಪ್ರತಿ ವಾರ ಬಸ್ಸು ಹತ್ತುತ್ತಿದ್ದೆ.

ಶ್ರಾವಣದಲ್ಲಿ ಆಫೀಸಿಗೆ ಮಂಜುಳನ ಫೋನು ಬಂತು. "ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ನಾನು ಮಾಡ್ತೀನಿ." ಟೀಚರಿಗೆ ಹೇಳಿದೆ. ಖುಷಿಪಡುವುದು ಬಿಟ್ಟು, "ಯಾಕೆ ಕರೀತಿದಾಳೆ? ಏನೋ ಆಗಿದೆ" ಎಂದು ಶನಿವಾರದವರೆಗೆ ನನ್ನ ತಲೆ ತಿಂದರು.

ಏನೂ ಆಗಿರಲಿಲ್ಲ. ರೂಮು ಗುಡಿಸಿ ರಂಗೋಲಿ ಹಾಕಿದ್ದಳು. ಚಿತ್ರಾನ್ನ, ಕೋಸಂಬರಿ, ಸಾರು, ಪಾಯಸ. ಇಪ್ಪತ್ತು ಜನ ಉಣ್ಣಬಹುದಿತ್ತು. ಅದನ್ನು ನೋಡಿಯೇ ಇರಬೇಕು, ಓನರಮ್ಮನನ್ನೂ ಊಟಕ್ಕೆ ಕರೆದಿದ್ದಳು. ಅವರು ಬಂದು ಚಾಪೆಯ ಮೇಲೆ ಕೂತದ್ದು ಕಂಡು ಟೀಚರ್ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದರು. ಮಂಜುಳ ಮಾತ್ರ ಒಂದು ಸಲವೂ ತಪ್ಪದೆ ಚಿಕ್ಕಮ್ಮಾ, ಚಿಕ್ಕಮ್ಮಾ ಎನ್ನುತ್ತಾ ಬಡಿಸಿದಳು. ಇಲ್ಲದ ಅಕ್ಕನ ಗಂಡನ ಕಾಯಿಲೆಯನ್ನು ಓನರಮ್ಮ ವಿಚಾರಿಸಿದಾಗ, "ಈಗ ವಾಸಿ" ಎಂದಳು. ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದು ನಾನು ಕೈ ತೊಳೆದೆ.

ಹೊರಡುವಾಗ ಮಂಜುಳ ಅರಿಶಿನ ಕುಂಕುಮದ ತಟ್ಟೆ ತಂದಳು. ಹೊಸ ತಟ್ಟೆ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಓನರಮ್ಮನಿಗೆ ಕೊಟ್ಟಳು. ನನಗೆ ಕೊಟ್ಟಳು. ಆಮೇಲೆ ಅದೇ ನಗುಮುಖದಲ್ಲಿ ತಟ್ಟೆಯನ್ನು ಟೀಚರ ಮುಂದೆ ಹಿಡಿದು ನಿಂತಳು.

ಗಂಡ ಸತ್ತವರಿಗೆ ಕುಂಕುಮ ಕೊಡುವುದಿಲ್ಲ ಎನ್ನುವುದು ಯಾವ ಮನೆಯ ಐದು ವರ್ಷದ ಕೂಸಿಗೂ ಗೊತ್ತು. ಅಜ್ಜಿಯನ್ನೋ ಅತ್ತೆಯನ್ನೋ ಬಿಟ್ಟು ತಟ್ಟೆ ಮುಂದೆ ಹೋಗುವುದನ್ನು ನೋಡಿ ನೋಡಿ ಅದು ತಾನಾಗಿ ಗೊತ್ತಾಗುತ್ತದೆ. ಆಶ್ರಮದಲ್ಲಿ ನೋಡುವುದೆಲ್ಲಿ? ಅಲ್ಲಿ ಹಬ್ಬಕ್ಕೆ ಬಂದ ಹೆಂಗಸರಿಗೆಲ್ಲ ಹುಡುಗಿಯರು ಸಾಲಾಗಿ ತಟ್ಟೆ ಹಿಡಿಯುತ್ತಿದ್ದರು. ಆ ಹೊತ್ತಿಗೆ ಟೀಚರ್ ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡು ಮಿಶನ್ ತುಳಿಯುತ್ತಿದ್ದರು. ಬೀಗ, ಬೇಳೆ, ಉಪ್ಪು ಎಲ್ಲವನ್ನೂ ಕಲಿಸಿದವರು ತಮ್ಮ ಈ ಒಂದು ವಿಷಯವನ್ನು ಮಾತ್ರ ಹುಡುಗಿಯರ ಎದುರು ಬಾಯಿಬಿಟ್ಟು ಆಡಿರಲಿಲ್ಲ.

"ಅಯ್ಯೋ, ಏನು ಮಾಡ್ತಿದೀಯಮ್ಮ?" ಎಂದರು ಓನರಮ್ಮ. "ಸ್ವಂತ ಚಿಕ್ಕಮ್ಮನ ವಿಷಯ ಗೊತ್ತಿಲ್ವಾ ನಿಂಗೆ?"

ಮಂಜುಳನ ಮುಖದಲ್ಲಿ ನಗು ಹಾಗೇ ನಿಂತಿತ್ತು. ಏನು ತಪ್ಪಾಯಿತು ಎನ್ನುವುದೇ ಅವಳಿಗೆ ಗೊತ್ತಾಗಲಿಲ್ಲ. ತಟ್ಟೆ ಹಿಡಿದ ಕೈ ಮಾತ್ರ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಟೀಚರ್ ಆ ತಟ್ಟೆಯ ಅಂಚನ್ನು ಹಿಡಿದು ನಿಲ್ಲಿಸಿದರು. ಉಂಗುರದ ಬೆರಳಿನಿಂದ ಕುಂಕುಮ ತೆಗೆದುಕೊಂಡು, ವಿಭೂತಿಯ ಕೆಳಗೆ ಇಟ್ಟುಕೊಂಡರು. ಅಭ್ಯಾಸ ತಪ್ಪಿದ ಬೆರಳು, ಬೊಟ್ಟು ಸೊಟ್ಟಗಾಯಿತು.

"ಮೊದಲನೇ ಸಲ ಮನೆ ಮಾಡಿದಾಳೆ. ಮೊದಲನೇ ಸಲ ಕೊಡ್ತಿದಾಳೆ. ಬೇಡ ಅನ್ನೋಕೆ ನಂಗಾಗಲ್ಲಮ್ಮ" ಎಂದರು.

ಓನರಮ್ಮ ಟೀಚರನ್ನು ನೋಡಿದರು, ಮಂಜುಳನನ್ನು ನೋಡಿದರು, ಮೆಟ್ಟಿಲಿಳಿದು ಹೋದರು.

ಬಸ್ಸಿನಲ್ಲಿ ಟೀಚರ್ ಕುಂಕುಮ ಒರೆಸಿಕೊಳ್ಳಲಿಲ್ಲ. ಅದರ ನೆನಪೇ ಅವರಿಗೆ ಇರಲಿಲ್ಲ ಎಂದು ಕಾಣುತ್ತದೆ. "ಹೋಯ್ತು ಕಣೇ. ಎಲ್ಲಾ ಹೋಯ್ತು. ಅವಳಿಗೆ ಗೊತ್ತಾಗಿದೆ. ನೀನು ಬಾಯಿಬಿಟ್ಟು ಕೆಡಿಸ್ದೆ, ನಾನು ಬಾಯಿಮುಚ್ಕೊಂಡು ಕೆಡಿಸ್ದೆ" ಎಂದು ಶಿವಮೊಗ್ಗದವರೆಗೆ ಅದನ್ನೇ ಹೇಳಿದರು. ಗೌರಿ ಹಬ್ಬಕ್ಕೆ ಹನ್ನೊಂದು ದಿನ ಉಳಿದಿತ್ತು.

ಸೋಮವಾರ ಫೋನಿಲ್ಲ. ಮಂಗಳವಾರ ಇಲ್ಲ. ಟೀಚರ್ ಆಫೀಸಿನ ಬಾಗಿಲಲ್ಲೇ ಒಂದು ಸ್ಟೂಲು ಹಾಕಿಕೊಂಡು ಗುಂಡಿಯ ಕಾಜಾ ಹೊಲಿಯುತ್ತಾ ಕೂತರು. ಫೋನು ಬಡಿದುಕೊಂಡರೆ ಸೂಜಿ ಚುಚ್ಚಿಕೊಳ್ಳುವರು. ಬುಧವಾರ ಮಂಜುಳನ ದನಿ ಕೇಳಿತು. ಟೀಚರ್ ರಿಸೀವರನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಟ್ರಂಕು ಎಲ್ಲಿದೆ?" ಅವರ ಮೊದಲ ಮಾತೇ ಅದು.

ಟ್ರಂಕು ರೂಮಿನಲ್ಲೇ ಇತ್ತು. ಭಾನುವಾರ ಸಂಜೆ ಓನರಮ್ಮ ಮೇಲೆ ಬಂದು, "ನಿಜ ಹೇಳು, ಯಾರು ನೀನು?" ಎಂದು ಕೇಳಿದರಂತೆ. ಹೇಳಿಕೊಟ್ಟದ್ದೆಲ್ಲ ಮರೆತುಹೋಗಿ ಮಂಜುಳ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಓನರಮ್ಮ ಎದ್ದು ಹೋದವರು ಎರಡು ದಿನ ಮಾತಾಡಲಿಲ್ಲವಂತೆ. ಈಗ ಕರೆದು, "ನಿಮ್ಮ ಟೀಚರಮ್ಮನ್ನ ಕಳಿಸು. ಅವರಿಗೆ ಬೈಬೇಕು ನಾನು" ಎಂದಿದ್ದಾರಂತೆ.

"ಬೈಬೇಕಂತೆ" ಎಂದು ಟೀಚರ್ ಫೋನಿಟ್ಟರು. "ಬಿಡಿಸೋ ಹಾಗಿದ್ರೆ ಟ್ರಂಕು ಹೊರಗಿಡೋರು, ಅಲ್ವಾ? ಬೈಯೋದ್ಯಾಕೆ? ಅಲ್ವಾ? ಹೇಳೇ."

ಅರ್ಧ ದಿನ ರಜೆ ಹಾಕಿ ಇಬ್ಬರೂ ಹೋದೆವು. ಓನರಮ್ಮ ಕೆಳಗಿನ ಮನೆಯಲ್ಲಿ ಕೂರಿಸಿದರು. ಮಂಜುಳ ಅಂಗಡಿಗೆ ಹೋಗಿದ್ದಳು. ಓನರಮ್ಮ ಬೈಯಲು ಶುರು ಮಾಡಿದರು ನೋಡಿ, ಅಬ್ಬಾ! ಓದಿದವರು ಸುಳ್ಳು ಹೇಳಬಹುದಾ, ಇಲ್ಲದ ಅಕ್ಕನ ಗಂಡನಿಗೋಸ್ಕರ ನಾನು ಮುರುಗನಿಗೆ ಹರಕೆ ಹೊತ್ತಿದ್ದೆನಲ್ಲ, ಆ ದೇವರಿಗೆ ಏನು ಹೇಳಲಿ, ನಂಬಿದವರಿಗೆ ಹೀಗೆ ಮಾಡಬಹುದಾ. ಟೀಚರ್ ತಲೆ ತಗ್ಗಿಸಿ, ಟೇಪಿನ ತುದಿ ಹಿಡಿದುಕೊಂಡು, ಎಲ್ಲವನ್ನೂ ಕೇಳಿದರು. ಓನರಮ್ಮನಿಗೆ ಉಸಿರು ಕಟ್ಟಿ ಮಾತು ನಿಂತಾಗ ಮೆಲ್ಲಗೆ ಕೇಳಿದರು:

"ತಪ್ಪಾಯ್ತಮ್ಮ. ಒಂದು ಮಾತು ಕೇಳ್ಲಾ? ಮೊದಲೇ ನಿಜ ಹೇಳಿದ್ರೆ ರೂಮು ಕೊಡ್ತಿದ್ರಾ?"

ಓನರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಇಲ್ಲ" ಎಂದರು. "ಕೊಡ್ತಿರ್ಲಿಲ್ಲ."

"ಈಗ?"

"ಈಗೇನು? ಅವಳು ಇದ್ದಾಳಲ್ಲ ಮೇಲೆ. ಇರ್ತಾಳೆ."

ನನ್ನ ಕಣ್ಣಲ್ಲಿ ನೀರು ಬಂತು. ಇನ್ನೇನು, ಕೈಮುಗಿದು ಏಳಬೇಕು. ನಾನು ಎದ್ದೂ ಬಿಟ್ಟಿದ್ದೆ. ಟೀಚರ್ ಏಳಲಿಲ್ಲ.

"ಅಮ್ಮಾ, ಇನ್ನೊಬ್ಬಳಿದಾಳೆ" ಎಂದರು. "ಬರೋ ತಿಂಗಳು ಅವಳಿಗೆ ಹದಿನೆಂಟು ತುಂಬುತ್ತೆ. ಅವಳಿಗೂ ಯಾರೂ ಇಲ್ಲ. ಈ ಸಲ ನಿಜಾನೇ ಹೇಳ್ತಿದೀನಿ."

ನಾನು ಅವರ ಸೆರಗು ಜಗ್ಗಿದೆ. ಸಿಕ್ಕಿದ್ದೂ ಕೈಬಿಟ್ಟು ಹೋಗುತ್ತದಲ್ಲ ಎಂದು ನನಗೆ ಜೀವ ಹೋದ ಹಾಗಾಯಿತು. ಓನರಮ್ಮ ಅವರ ಮುಖವನ್ನೇ ದಿಟ್ಟಿಸಿ ನೋಡಿದರು. ಎದ್ದು ಒಳಗೆ ಹೋದರು. ಪಾತ್ರೆಯ ಸದ್ದು ಕೇಳಿತು, ಅದು ನಿಂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹಾಸಿಗೆ ಇದೆಯಾ ಅವಳ ಹತ್ರ," ಓನರಮ್ಮ ಒಳಗಿನಿಂದಲೇ ಕೇಳಿದರು, "ಅದೂ ನಾನೇ ಕೊಡ್ಬೇಕಾ?"